ಆದರದ ಸ್ವಾಗತ, ಆದರೆ ಟಿಕೆಟ್ ಕೊಂಡು

ಮಾನ್ಯ ಸಂಪಾದಕರೇ,

ಕಳೆದ ಗುರುವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದ ಕೆಳತುದಿಯಲ್ಲಿ, ಅಡಿಕೆ ಧಾರಣೆಯ ಪಕ್ಕದಲ್ಲಿ, ಸಾಗರದ ನಮ್ಮ ಹವ್ಯಾಸಿ ತಂಡ ಈ ಸಲ ಆಡಲಿರುವ ನಾಟಕಗಳ ಸುದ್ದಿ ಆರು ಸಾಲಿನಲ್ಲಿ ಬಂದಿತ್ತು. ಕೊನೆಯ ಸಾಲು ಹೀಗಿತ್ತು: ‘ಕಲಾಭಿಮಾನಿಗಳೆಲ್ಲರಿಗೂ ಆದರದ ಸ್ವಾಗತ.’ ತಪ್ಪು ನಿಮ್ಮ ವರದಿಗಾರರದಲ್ಲ, ಆ ವಾಕ್ಯ ಬರೆದುಕೊಟ್ಟವನು ನಾನೇ. ಅಂದು ಬೆಳಿಗ್ಗೆ ಹತ್ತು ಗಂಟೆಯೊಳಗೆ ನನಗೆ ಹನ್ನೊಂದು ಫೋನ್ ಕರೆಗಳು ಬಂದವು. ಒಂಬತ್ತು ಮಂದಿ ಕೇಳಿದ್ದು ಒಂದೇ ಪ್ರಶ್ನೆ: ಪಾಸ್ ಯಾವಾಗ ಕೊಡುತ್ತೀರಿ? ಹತ್ತನೆಯದು ಯಾರಿಗೋ ಮಾಡಲು ಹೋಗಿ ನನಗೆ ತಗುಲಿದ ಕರೆ. ಹನ್ನೊಂದನೆಯವರು ನನ್ನ ಭಾವ. ಅವರು ಕೇಳಲೂ ಇಲ್ಲ. ‘ನಮ್ಮದು ನಾಲ್ಕು, ಮುಂದಿನ ಸಾಲು’ ಎಂದು ಹೇಳಿ ಫೋನ್ ಇಟ್ಟರು.

ಈ ಸಲ ನಮ್ಮಲ್ಲಿ ಪಾಸ್ ಇಲ್ಲ. ಯಾರಿಗೂ ಇಲ್ಲ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವಷ್ಟು ಧೈರ್ಯ ನನಗಿಲ್ಲದ ಕಾರಣ ನಿಮ್ಮ ಪತ್ರಿಕೆಯ ಮೂಲಕ ಒಂದೇ ಸಲಕ್ಕೆ ಹೇಳಿಬಿಡುತ್ತೇನೆ. ತಂಡದ ಹೆಸರನ್ನು ಬರೆಯುವುದಿಲ್ಲ. ಬರೆದರೆ ಇದು ಜಾಹೀರಾತಾಗುತ್ತದೆ, ಜಾಹೀರಾತಿಗೆ ನಿಮ್ಮ ಕಚೇರಿಯಲ್ಲಿ ದರ ಇದೆ. ಪುಕ್ಕಟೆ ನಾಟಕ ನೋಡಬೇಡಿ ಎಂದು ಬರೆಯುವವನು ಪತ್ರಿಕೆಯಲ್ಲಿ ಪುಕ್ಕಟೆ ಜಾಗ ಹೊಡೆಯುವುದು ಚೆನ್ನಾಗಿರುವುದಿಲ್ಲ. ಸಾಗರದವರಿಗೆ ಹೆಸರಿನ ಅಗತ್ಯವೂ ಇಲ್ಲ. ಹಳೆಯ ಅಡಿಕೆ ಗೋದಾಮು ಎಂದರೆ ಸಾಕು.

ನಾನು ಅಂಚೆ ಇಲಾಖೆಯಲ್ಲಿ ಮೂವತ್ತೆಂಟು ವರ್ಷ ಇದ್ದವನು. ಅದರಲ್ಲಿ ಹೆಚ್ಚಿನ ಕಾಲ ಕಿಟಕಿಯ ಹಿಂದೆ ಕುಳಿತೇ ಕಳೆಯಿತು. ಸ್ಟಾಂಪು, ಇನ್‌ಲ್ಯಾಂಡ್ ಲೆಟರ್, ಮನಿಯಾರ್ಡರು, ಉಳಿತಾಯ ಖಾತೆ. ಅಷ್ಟು ವರ್ಷಗಳಲ್ಲಿ ಒಬ್ಬರೇ ಒಬ್ಬರು ಬಂದು ‘ನೀವು ನಮ್ಮ ಪೈಕಿಯವರಲ್ಲವೇ, ಒಂದು ಸ್ಟಾಂಪು ಹಾಗೆಯೇ ಕೊಡಿ’ ಎಂದು ಕೇಳಿದ್ದಿಲ್ಲ. ಭಾವನವರೂ ಕೇಳಲಿಲ್ಲ. ನಿವೃತ್ತನಾದ ಮೇಲೆ ತಂಡದವರು ನನ್ನನ್ನು ಟಿಕೆಟ್ ಮಾರಲು ಕೂರಿಸಿದರು. ಕಿಟಕಿ ಬದಲಾಯಿತು, ಕೂತವನು ಅದೇ ಮನುಷ್ಯ, ಎದುರಿಗೆ ಬರುವವರೂ ಅದೇ ಜನ. ಆದರೆ ಇಲ್ಲಿ ಪ್ರತಿಯೊಬ್ಬರಿಗೂ ನಾನು ನೆಂಟ, ಗೆಳೆಯ, ಸಹಪಾಠಿ, ಇಲ್ಲವೇ ಅವರ ಮನೆಗೆ ಕಾಗದ ಬಂದಾಗ ಕಳಿಸಿಕೊಟ್ಟ ಉಪಕಾರಿ. ಒಬ್ಬರಂತೂ 1991ರಲ್ಲಿ ತಮ್ಮ ಮಗನ ಕೆಲಸದ ಆದೇಶ ಬಂದ ದಿನ ನಾನೇ ಕರೆದು ಕೊಟ್ಟೆನೆಂದು ನೆನಪಿಸಿ, ಅದಕ್ಕೆ ಕೃತಜ್ಞತೆಯಾಗಿ ನನ್ನಿಂದಲೇ ಎರಡು ಪಾಸ್ ತೆಗೆದುಕೊಂಡು ಹೋದರು.

ಪಾಸ್ ಕೇಳುವವರಲ್ಲಿ ಬಗೆಗಳಿವೆ. ‘ನಾವೂ ತಂಡದವರೇ ಅಲ್ಲವೇ’ ಎನ್ನುವವರು ಮೊದಲ ಬಗೆ. ಇಪ್ಪತ್ತು ವರ್ಷದ ಹಿಂದೆ ಒಂದು ನಾಟಕದಲ್ಲಿ ಪಂಜು ಹಿಡಿದು ನಿಂತಿರುತ್ತಾರೆ. ರಂಗಪರಿಕರ ಕೊಟ್ಟವರು ಎರಡನೆಯವರು. ಒಮ್ಮೆ ಒಂದು ದೃಶ್ಯಕ್ಕೆ ಹಳೆಯ ಕಾಲದ ಆರಾಮಕುರ್ಚಿ ಬೇಕಾಗಿತ್ತು. ಕೊಟ್ಟವರು ಹೆಂಡತಿ, ಮಕ್ಕಳು, ಅತ್ತೆ, ಬೆಂಗಳೂರಿನಿಂದ ಬಂದ ಷಡ್ಡಕ ಎಲ್ಲರನ್ನೂ ಕರೆದುಕೊಂಡು ಆರು ಜನರಾಗಿ ಬಂದರು. ಆ ಕುರ್ಚಿ ರಂಗದ ಮೇಲೆ ಇದ್ದದ್ದು ಏಳು ನಿಮಿಷ. ಮೂರನೆಯವರು ಸಾಹೇಬರ ಹೆಸರು ಹೇಳಿಕೊಂಡು ಬರುವವರು. ಸಾಹೇಬರು ಬರುವುದಿಲ್ಲ, ಅವರಿಗೆಂದು ಕಾದಿರಿಸಿದ ಕುರ್ಚಿ ಮಾತ್ರ ಕೊನೆಯವರೆಗೂ ಬಿಳಿ ಬಟ್ಟೆ ಹೊದ್ದು ಕೂತಿರುತ್ತದೆ.

ಹೋದ ವರ್ಷದ ಒಂದು ಶನಿವಾರದ ಲೆಕ್ಕ ಬರೆಯುತ್ತೇನೆ. ಲೆಕ್ಕ ಬರೆಯದೆ ನನಗೆ ನಿದ್ದೆ ಬರುವುದಿಲ್ಲ, ಅದು ಇಲಾಖೆ ಹಚ್ಚಿದ ರೋಗ. ನಮ್ಮ ಗೋದಾಮಿನಲ್ಲಿ 160 ಜನ ಕೂರಬಹುದು. ಮುಂದೆ ಎರಡು ಸಾಲು ಪ್ಲಾಸ್ಟಿಕ್ ಕುರ್ಚಿ, ಹಿಂದೆ ಹಳೆಯ ಅಡಿಕೆ ಅಟ್ಟದ ಹಲಗೆಗಳಿಂದ ಮಾಡಿದ ಮೆಟ್ಟಿಲು ಸಾಲು. ಅಂದು ಗೋದಾಮು ತುಂಬಿತ್ತು. ಒಳಗೆ ಇಣುಕಿ ನೋಡಿದ ನಮ್ಮ ನಿರ್ದೇಶಕರು ಸಂತೋಷದಿಂದ ನನ್ನ ಬೆನ್ನು ತಟ್ಟಿದರು. ನಾನು ಪೆಟ್ಟಿಗೆ ತೆರೆದು ತೋರಿಸಿದೆ. ಮಾರಿದ ಟಿಕೆಟ್ 61. ಒಂದಕ್ಕೆ 80 ರೂಪಾಯಿಯಂತೆ 4,880. ಮಿಕ್ಕ 99 ಮಂದಿ ಪಾಸಿನವರು. ದೀಪಗಳ ಬಾಡಿಗೆ, ಜನರೇಟರಿಗೆ ಡೀಸೆಲ್, ಮುಖಕ್ಕೆ ಬಣ್ಣ ಹಚ್ಚುವವರ ಸಂಭಾವನೆ, ತಬಲಾದವರನ್ನು ಶಿವಮೊಗ್ಗದಿಂದ ಕರೆಸಿದ್ದು, ಆಟ ಮುಗಿದ ಮೇಲೆ ಇಪ್ಪತ್ತೆರಡು ಜನಕ್ಕೆ ಚಿತ್ರಾನ್ನ, ಮಜ್ಜಿಗೆ, ಎಲ್ಲ ಸೇರಿ ಆ ರಾತ್ರಿಯ ಖರ್ಚು 14,300. ಕೊರತೆ 9,420. ಅದನ್ನು ಐದು ಜನ ಹಂಚಿಕೊಂಡೆವು. ತಲೆಗೆ 1,884 ರೂಪಾಯಿ. ಗುಬ್ಬಿ ನಾಟಕ ಕಂಪನಿ ಹುಟ್ಟಿದ ಇಸವಿಯೂ ಅದೇ ಎಂದು ನಿರ್ದೇಶಕರು ನಗಿಸಲು ನೋಡಿದರು. ಯಾರಿಗೂ ನಗು ಬರಲಿಲ್ಲ.

ಆ ಐವರಲ್ಲಿ ಒಬ್ಬ ಝೆರಾಕ್ಸ್ ಅಂಗಡಿಯ ಹುಡುಗ. ಅಂದು ರಾಜನ ಪಾತ್ರ ಮಾಡಿದ್ದ. ಕಿರೀಟ ತೆಗೆದಿಟ್ಟು, ಮುಖದ ಬಣ್ಣ ಇನ್ನೂ ಒರೆಸದೆ, ಮೊಬೈಲಿನಲ್ಲಿ ನನಗೆ 1,884 ರೂಪಾಯಿ ಕಳಿಸಿದ. ಅವನ ಪಾಲನ್ನು ನಾನು ಹಾಕುತ್ತೇನೆಂದರೂ ಕೇಳಲಿಲ್ಲ. ಹೊರಗೆ ಪಾಸಿನವರೊಬ್ಬರು ನಾಟಕದ ಎರಡನೆಯ ಅಂಕ ಸ್ವಲ್ಪ ಎಳೆದಂತಾಯಿತು ಎಂದು ವಿಮರ್ಶೆ ಮಾಡುತ್ತಿದ್ದರು.

ಪಾಸ್ ಕೇಳುವವರು ಬಡವರಲ್ಲ. ಇದನ್ನು ನಾನು ಕಿಟಕಿಯಿಂದ ನೋಡಿ ಹೇಳುತ್ತಿದ್ದೇನೆ. ಕೈಯಲ್ಲಿ ನಿಜವಾಗಿ ದುಡ್ಡಿಲ್ಲದವರು ಬಾಗಿಲ ಹತ್ತಿರವೇ ಸುಳಿಯುವುದಿಲ್ಲ, ಸುಳಿದರೂ ಹೊರಗೆ ನಿಂತು ಹಾಡು ಕೇಳಿಕೊಂಡು ಹೋಗುತ್ತಾರೆ. ಹೋದ ವರ್ಷ ಅಡಿಕೆ ಸುಲಿಯಲು ಹೋಗುವ ಒಬ್ಬ ಹೆಂಗಸು ಮಗಳನ್ನು ಕರೆದುಕೊಂಡು ಬಂದರು. ಆ ಹುಡುಗಿಯ ಮೇಷ್ಟ್ರು ನಾಟಕದಲ್ಲಿದ್ದರು. ಸೆರಗಿನ ಗಂಟು ಬಿಚ್ಚಿ ಹತ್ತರ ನೋಟು, ನಾಣ್ಯಗಳನ್ನೆಲ್ಲ ಎಣಿಸಿ 160 ರೂಪಾಯಿ ಕೊಟ್ಟರು. ನಾನು ಎರಡು ಟಿಕೆಟ್ ಹರಿದು, ತಾರೀಖಿನ ಮೊಹರು ಒತ್ತಿ ಕೊಟ್ಟೆ. ಮೊಹರು ಯಾಕೆ ಎಂದು ಕೇಳಬೇಡಿ, ಕೈ ತಾನಾಗಿಯೇ ಒತ್ತುತ್ತದೆ. ಹತ್ತು ನಿಮಿಷದ ಮೇಲೆ ಅವರು ಹೊರಗೆ ಬಂದರು.

‘ಪೋಸ್ಟ್ ಮಾಸ್ಟರೇ, ಹಿಂದಿನ ಮೆಟ್ಟಿಲಿನಿಂದ ಮಗುವಿಗೆ ಕಾಣಿಸುವುದಿಲ್ಲ. ಮುಂದೆ ಕುರ್ಚಿ ಖಾಲಿ ಇವೆ. ಅಲ್ಲಿ ಕೂರಬಹುದೇ?’

‘ಅವು ಪಾಸಿನವರದ್ದು, ತಾಯಿ.’

‘ಅವರು ನಮಗಿಂತ ಹೆಚ್ಚು ದುಡ್ಡು ಕೊಟ್ಟಿದ್ದಾರೆಯೇ?’

ಅವರ ದನಿಯಲ್ಲಿ ಕುಹಕವಿರಲಿಲ್ಲ. ಗೊತ್ತಿಲ್ಲದೆ ಕೇಳಿದ್ದರು. ನಾನು ಎದ್ದು ಹೋಗಿ ಸಾಹೇಬರ ಕುರ್ಚಿಯ ಬಿಳಿ ಬಟ್ಟೆ ತೆಗೆದು ಅವರಿಬ್ಬರನ್ನೂ ಕೂರಿಸಿದೆ. ಮರುದಿನ ಇದಕ್ಕಾಗಿ ಸಮಿತಿಯಲ್ಲಿ ಮಾತು ಕೇಳಬೇಕಾಯಿತು. ಈ ವರ್ಷದ ನಿರ್ಧಾರ ಆ ಮಾತುಕತೆಯಿಂದಲೇ ಹುಟ್ಟಿದ್ದು.

ಆಟವೆಂದರೆ ಪುಕ್ಕಟೆ ಎನ್ನುವ ಅಭ್ಯಾಸ ನಮ್ಮ ಕಡೆ ಎಲ್ಲಿಂದ ಬಂತು ಎಂದು ನಾನೂ ಯೋಚಿಸಿದ್ದೇನೆ. ಹರಕೆ ಬಯಲಾಟ ನೋಡಿ ಬೆಳೆದವರು ನಾವು. ಅಲ್ಲಿ ಮೇಳಕ್ಕೆ ಕೊಡುವ ವೀಳ್ಯ, ಊಟ, ಚಪ್ಪರ ಎಲ್ಲ ಹರಕೆ ಹೊತ್ತ ಮನೆಯವರದು. ಊರು ಬಂದು ಕಂಬಳಿ ಹಾಸಿ ನೋಡಿದರೆ ಅವರಿಗೆ ಪುಣ್ಯ. ಆದರೆ ಯಕ್ಷಗಾನದಲ್ಲಿಯೇ ಡೇರೆ ಮೇಳಗಳೂ ಇದ್ದವು, ಅಲ್ಲಿ ಟಿಕೆಟ್ ಇಲ್ಲದೆ ಒಳಗೆ ಬಿಡುತ್ತಿರಲಿಲ್ಲ. ಎರಡರ ವ್ಯತ್ಯಾಸ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ನಾಟಕಕ್ಕೆ ಹರಕೆ ಹೊತ್ತವರು ಯಾರೂ ಇಲ್ಲ ಎನ್ನುವುದಷ್ಟೇ ನನ್ನ ಅಹವಾಲು.

ಇನ್ನೊಂದನ್ನೂ ಕಂಡಿದ್ದೇನೆ. ನಮ್ಮ ಸಾಗರದ ಮಾರಿಜಾತ್ರೆ ಮೂರು ವರ್ಷಕ್ಕೊಮ್ಮೆ ಬರುತ್ತದೆ. ಆಗ ಉತ್ತರ ಕರ್ನಾಟಕದ ಕಡೆಯಿಂದ ನಾಟಕ ಕಂಪನಿಗಳು ಬಂದು ತಗಡು ಹೊಡೆದು ರಂಗ ಕಟ್ಟುತ್ತವೆ. ಆ ಕಂಪನಿಯ ಗೇಟಿನಲ್ಲಿ ನಮ್ಮೂರಿನ ಇದೇ ಗಣ್ಯರು ಸಾಲಿನಲ್ಲಿ ನಿಂತು, ದುಡ್ಡು ಕೊಟ್ಟು, ಚಿಲ್ಲರೆ ಎಣಿಸಿಕೊಂಡು ಒಳಗೆ ಹೋಗುತ್ತಾರೆ. ಭಾವನವರೂ ಆ ಸಾಲಿನಲ್ಲಿ ನಿಂತಿದ್ದರು, ಕಣ್ಣಾರೆ ಕಂಡಿದ್ದೇನೆ. ಅಲ್ಲಿ ಟಿಕೆಟ್ ಕೊಡುವವನಿಗೆ ಇವರು ಯಾರೆಂದು ತಿಳಿಯದು. ಇಲ್ಲಿ ನನಗೆ ತಿಳಿದಿದೆ. ಹಾಗಾದರೆ ಇವರು ಉಳಿಸುವುದು ಎಂಬತ್ತು ರೂಪಾಯಿಯನ್ನಲ್ಲ. ‘ನೀವು ನನಗೆ ಗೊತ್ತು’ ಎಂದು ನಾನು ನಾಲ್ಕು ಜನರೆದುರು ಒಪ್ಪಿಕೊಳ್ಳಬೇಕು. ಪಾಸ್ ಎಂದರೆ ಆ ಒಪ್ಪಿಗೆಯ ಚೀಟಿ. ಇದು ಅರ್ಥವಾದ ಮೇಲೆ ನನಗೆ ಅವರ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. ಗುರುತು ಬೇಕಾದರೆ ಕೊಡೋಣ. ಟಿಕೆಟ್ ಕೊಳ್ಳಿ, ನಾನೇ ಎದ್ದು ನಿಂತು ಹೆಸರು ಹಿಡಿದು ಮಾತನಾಡಿಸುತ್ತೇನೆ, ಮೊಮ್ಮಕ್ಕಳ ಪರೀಕ್ಷೆ ಕೇಳುತ್ತೇನೆ, ಬೇಕಿದ್ದರೆ ಒಳಗಿನವರೆಗೂ ಬಂದು ಕೂರಿಸುತ್ತೇನೆ. ಮಂಡಿ ನೋವಿದ್ದರೂ ಪರವಾಗಿಲ್ಲ.

ನಾನೇನು ಹುಟ್ಟಾ ಪ್ರಾಮಾಣಿಕನಲ್ಲ. ನಾಲ್ಕನೇ ತರಗತಿಯಲ್ಲಿದ್ದಾಗ ಜಾತ್ರೆಗೆ ಬಂದ ಕಂಪನಿಯ ಡೇರೆಯ ಅಂಚು ಎತ್ತಿ ಒಳಗೆ ನುಸುಳಿದ್ದೆ. ಗೇಟಿನವನು ಕಿವಿ ಹಿಡಿದು ಎತ್ತಿದ. ಹೊರಗೆ ಹಾಕುತ್ತಾನೆಂದುಕೊಂಡರೆ ನೆಲದ ದರ್ಜೆಯವರ ಮುಂದೆ, ಹಾರ್ಮೋನಿಯಂ ಪೆಟ್ಟಿಗೆಗೆ ಮೊಳದ ದೂರದಲ್ಲಿ ಕೂರಿಸಿದ. ಅಂದು ನೋಡಿದ ಹಿರಣ್ಯಕಶಿಪುವಿನ ಮೀಸೆ ಒಂದು ಕಡೆ ಬಿಚ್ಚಿಕೊಂಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನೆಲದ ಟಿಕೆಟಿನ ಆ ಕಾಸನ್ನು ನಾನು ಯಾರಿಗೂ ಕೊಟ್ಟಿಲ್ಲ. ಕಂಪನಿ ಯಾವುದೆಂದೂ ನೆನಪಿಲ್ಲ.

ಈಗ ಈ ವರ್ಷದ ನಾಟಕಗಳ ವಿಷಯ. ನಮ್ಮ ಗೋದಾಮಿನ ಮಾಡು ತಗಡಿನದು. ಮಲೆನಾಡಿನ ಮಳೆ ಅದರ ಮೇಲೆ ಬಿದ್ದರೆ ಎಂಥ ಕಂಠದ ನಟನೂ ಮೂಕನೇ. ಆದ್ದರಿಂದ ಜೂನಿನಿಂದ ದೀಪಾವಳಿಯವರೆಗೆ ನಾವು ಆಡುವುದಿಲ್ಲ. ದೀಪಾವಳಿ ಕಳೆದರೆ ಕೊಯ್ಲು, ನಮ್ಮ ನಟರಲ್ಲಿ ಅರ್ಧ ಜನ ರಾತ್ರಿ ಅಡಿಕೆ ಸುಲಿಯುವ ಚಪ್ಪರದಲ್ಲಿರುತ್ತಾರೆ. ಕೈಯೆಲ್ಲ ಚೊಗರು ಹಿಡಿದು ಕಪ್ಪಾಗಿ, ಹಾಗೆಯೇ ತಾಲೀಮಿಗೆ ಬರುತ್ತಾರೆ. ಮಾರ್ಚ್ ಕೊನೆಗೆ ಮಕ್ಕಳ ಪರೀಕ್ಷೆ. ಉಳಿಯುವುದು ಸಂಕ್ರಾಂತಿಯಿಂದ ಯುಗಾದಿಯ ನಡುವಿನ ಎರಡು ತಿಂಗಳು. ಈ ಸಲ ಜಾತ್ರೆಯ ವರ್ಷವಲ್ಲದ್ದರಿಂದ ಫೆಬ್ರುವರಿಯೂ ನಮ್ಮ ಕೈಗಿದೆ.

ಮೊದಲು ಕೈಲಾಸಂ ಅವರ ‘ಟೊಳ್ಳುಗಟ್ಟಿ’. ಓದಿನಲ್ಲಿ ಮೊದಲಿಗನಾದ ಮಗ ಟೊಳ್ಳು, ಓದದ ಮಗ ಗಟ್ಟಿ ಎನ್ನುವ ಆ ನಾಟಕಕ್ಕೆ ನೂರು ವರ್ಷ ದಾಟಿದೆ. ಅಂಕಪಟ್ಟಿಯನ್ನು ಮೊಬೈಲಿನಲ್ಲಿ ನೆಂಟರಿಗೆಲ್ಲ ಕಳಿಸುವ ತಂದೆತಾಯಂದಿರು ಇರುವವರೆಗೂ ಅದು ಹಳತಾಗುವುದಿಲ್ಲ. ಒಂದು ಗುಟ್ಟನ್ನು ಇಲ್ಲಿ ಹೇಳಿಬಿಡಬೇಕು. ಕೈಲಾಸಂ ತೀರಿಕೊಂಡಿದ್ದು 1946ರಲ್ಲಿ. ನಮ್ಮ ದೇಶದ ಕಾನೂನಿನಂತೆ ಲೇಖಕರ ಹಕ್ಕು ಅವರು ತೀರಿಕೊಂಡ ಮೇಲೆ ಅರವತ್ತು ವರ್ಷ ಇರುತ್ತದೆ. ಆದ್ದರಿಂದ 2007ರಿಂದ ಈ ನಾಟಕಕ್ಕೆ ಯಾರ ಅನುಮತಿಯೂ ಬೇಡ, ಗೌರವಧನವೂ ಇಲ್ಲ. ಎಂದರೆ ಕೈಲಾಸಂ ಅವರನ್ನು ನಾವೇ ಪುಕ್ಕಟೆ ಆಡುತ್ತಿದ್ದೇವೆ! ಸಭೆಯಲ್ಲಿ ನಾನು ಇದನ್ನು ಎತ್ತಿದಾಗ ಎಲ್ಲರೂ ನನ್ನನ್ನು ವಿಚಿತ್ರವಾಗಿ ನೋಡಿದರು. ಕೊನೆಗೆ, ಬೇರೆ ಲೇಖಕರಿಗೆ ಕೊಡುವಷ್ಟೇ ಮೊತ್ತವನ್ನು ತೆಗೆದಿಟ್ಟು ಸರ್ಕಾರಿ ಶಾಲೆಯೊಂದಕ್ಕೆ ನಾಟಕದ ಪುಸ್ತಕ ಕೊಡಿಸುವುದೆಂದು ಒಪ್ಪಿದರು. ಒಪ್ಪದಿದ್ದರೆ ಈ ಪತ್ರ ಬರೆಯುವ ಮುಖ ನನಗಿರುತ್ತಿರಲಿಲ್ಲ.

ಫೆಬ್ರುವರಿಯಲ್ಲಿ ಕುವೆಂಪು ಅವರ ‘ಜಲಗಾರ’. ಅವರ ಊರು ಕುಪ್ಪಳಿ ನಮ್ಮ ಜಿಲ್ಲೆಯದೇ, ತೀರ್ಥಹಳ್ಳಿ ತಾಲ್ಲೂಕು. ಜನರೆಲ್ಲ ದೇವಸ್ಥಾನಕ್ಕೆ ಹೋಗುತ್ತಿರುವಾಗ ಬೀದಿ ಗುಡಿಸುತ್ತಲೇ ಇದ್ದ ಜಲಗಾರನ ಬಳಿಗೆ ಶಿವನೇ ಬರುತ್ತಾನೆ, ಬಂದವನು ತಾನೂ ಜಲಗಾರ ಎನ್ನುತ್ತಾನೆ. ಗುಡಿಯೊಳಗೆ ಪ್ರವೇಶವಿಲ್ಲದವರ ಕಥೆಯನ್ನು ಆಡುತ್ತಾ ಬಾಗಿಲಲ್ಲಿ ಟಿಕೆಟ್ ಕೇಳುವುದು ಯಾವ ನ್ಯಾಯ ಎಂದು ನಮ್ಮ ತಂಡದ ಒಬ್ಬ ಹುಡುಗಿಯೇ ನನ್ನನ್ನು ತರಾಟೆಗೆ ತೆಗೆದುಕೊಂಡಳು. ಅವಳ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಎರಡು ದಿನ ಅದೇ ತಲೆಯಲ್ಲಿತ್ತು. ಈಗ ಹೀಗೆ ಮಾಡಿದ್ದೇವೆ: ಆ ನಾಟಕದ ಭಾನುವಾರ ಮಧ್ಯಾಹ್ನದ ಪ್ರದರ್ಶನ ಪೂರ್ತಿ ಊರಿನ ಪೌರಕಾರ್ಮಿಕರಿಗೆ, ಅವರ ಮನೆಯವರಿಗೆ. ಅದು ಪಾಸ್ ಅಲ್ಲ, ಮನೆಗೆ ಹೋಗಿ ಅರಿಶಿನ ಕುಂಕುಮ ಇಟ್ಟು ಕರೆಯುವ ಕರೆ. ಕುರ್ಚಿಯ ಸಾಲೂ ಅವರದೇ. ಅಂದು ಬೇರೆಯವರು ದುಡ್ಡು ಕೊಟ್ಟರೂ ಟಿಕೆಟ್ ಇಲ್ಲ. ಅದರ ಖರ್ಚನ್ನು ಮಿಕ್ಕ ಪ್ರದರ್ಶನಗಳಿಗೆ ಟಿಕೆಟ್ ಕೊಂಡವರು ಹೊರುತ್ತಾರೆ. ಈ ಸಲದ ಟಿಕೆಟಿಗೆ ನೂರು ರೂಪಾಯಿ ಕೊಡುವಾಗ ಅದೂ ನಿಮಗೆ ಗೊತ್ತಿರಲಿ.

ಅದೇ ವಾರ ಮಕ್ಕಳ ನಾಟಕವೊಂದಿದೆ. ನಮ್ಮ ಊರಿನ ಶಾಲೆಯ ಮೇಡಂ ಒಬ್ಬರು ಬರೆದದ್ದು, ಹದಿನಾಲ್ಕು ಮಕ್ಕಳು, ಒಂದು ನಿಜವಾದ ಮೇಕೆ. ಮೇಕೆಯ ಮಾಲೀಕರು ಪಾಸ್ ಕೇಳಿದ್ದಾರೆ. ಕೊಡುವುದಿಲ್ಲ.

ಮಾರ್ಚಿನಲ್ಲಿ ಕಂಬಾರರ ‘ಜೋಕುಮಾರಸ್ವಾಮಿ’. ಇದು ದೊಡ್ಡ ಕೆಲಸ. ಮೇಳಕ್ಕೇ ಎಂಟು ಜನ ಬೇಕು, ಅವರೆಲ್ಲ ಹಾಡಬೇಕು, ಕುಣಿಯಬೇಕು. ಉತ್ತರ ಕರ್ನಾಟಕದ ಮಾತಿನ ಓಟ ನಮ್ಮ ಹುಡುಗರ ನಾಲಗೆಗೆ ಇನ್ನೂ ಪೂರ್ತಿ ಹತ್ತಿಲ್ಲ. ಗೌಡನ ಪಾತ್ರದವರು ಹವ್ಯಕರು, ‘ಗೌಡ’ ಎನ್ನುವಾಗಲೂ ಹೆಗಡೆಯ ಹಾಗೆ ಕೇಳಿಸುತ್ತಾರೆ. ಹಾರ್ಮೋನಿಯಂ ನುಡಿಸುವವರನ್ನು ಬೆಂಗಳೂರಿನಿಂದ ಕರೆಸಬೇಕೋ ಇಲ್ಲೇ ಹೊಂದಿಸಿಕೊಳ್ಳಬೇಕೋ ಎನ್ನುವುದು ಜನವರಿಯಲ್ಲಿ ಮಾರಾಟವಾಗುವ ಟಿಕೆಟಿನ ಮೇಲಿದೆ. ಅತಿಶಯೋಕ್ತಿಯಲ್ಲ, ಪೆಟ್ಟಿಗೆಯಲ್ಲಿ ಈಗಿರುವುದು ಎರಡು ಸಾವಿರಕ್ಕೂ ಕಡಿಮೆ.

ನೀನಾಸಮ್ ರಂಗಸಂಸ್ಥೆಯ ಹೆಗ್ಗೋಡು ಹತ್ತಿರವೇ ಇರುವಾಗ ನಿಮ್ಮದನ್ನು ದುಡ್ಡು ಕೊಟ್ಟು ಯಾಕೆ ನೋಡಬೇಕು ಎಂದು ಒಬ್ಬರು ಮುಖಕ್ಕೆ ಹೊಡೆದ ಹಾಗೆ ಕೇಳಿದರು. ಪ್ರಶ್ನೆ ಸರಿಯಾದದ್ದೇ. ನೀನಾಸಮ್ 1949ರಲ್ಲಿ ಹುಟ್ಟಿದ್ದು, 1980ರಿಂದ ಅಲ್ಲಿ ನಾಟಕ ಕಲಿಸುತ್ತಿದ್ದಾರೆ, 1985ರಿಂದ ತಿರುಗಾಟದ ತಂಡ ನಾಡೆಲ್ಲ ಸುತ್ತುತ್ತಿದೆ. ಅವರ ಹುಡುಗರು ಬೆಳಗಿನಿಂದ ರಾತ್ರಿಯವರೆಗೆ ಅದನ್ನೇ ಕಲಿಯುತ್ತಾರೆ, ನಮ್ಮವರು ಅಂಗಡಿ ಬಾಗಿಲು ಹಾಕಿ ಬಂದು ಮಾತು ಬಾಯಿಪಾಠ ಮಾಡುತ್ತಾರೆ. ಹೋಲಿಸಿದರೆ ನಾವು ಸೋಲುತ್ತೇವೆ. ಆದರೆ ರಂಗದ ಮೇಲೆ ನಿಮ್ಮ ಹಾಲಿನ ಡೇರಿಯವನು ಶಿವನಾಗಿ ನಿಂತಾಗ ನಿಮಗೆ ಒಂದು ಕ್ಷಣ ಅವನ ಹೆಸರು ಮರೆತುಹೋಗುತ್ತದಲ್ಲ, ಅದನ್ನು ನೋಡಲು ಇದೇ ಊರಿನವರಾಗಿರಬೇಕು. ಹೊರಗಿನ ಯಾವ ತಂಡವೂ ಅದನ್ನು ನಿಮಗೆ ಕೊಡಲಾರದು.

ಉಳಿದ ವಿವರ ಚುಟುಕಾಗಿ. ಈ ಸಲ ಟಿಕೆಟ್ ನೂರು ರೂಪಾಯಿ, ವಿದ್ಯಾರ್ಥಿಗಳಿಗೆ ಮೂವತ್ತು. ತೆರಿಗೆ ಸೇರಿದೆಯೇ ಎಂದು ಒಬ್ಬರು ಕೇಳಿದ್ದರು. ಐನೂರು ರೂಪಾಯಿಯವರೆಗಿನ ನಾಟಕದ ಟಿಕೆಟಿಗೆ ಜಿಎಸ್‌ಟಿಯೇ ಇಲ್ಲ, ಸೇರಿಸುವುದಕ್ಕೂ ಬಿಡುವುದಕ್ಕೂ ಏನಿಲ್ಲ. ಕುರ್ಚಿಗಳು ಮೊದಲು ಬಂದವರಿಗೆ. ಬಿಳಿ ಬಟ್ಟೆಗಳನ್ನು ಒಗೆದು ಪ್ರಸಾಧನದ ಕೋಣೆಗೆ ಕೊಟ್ಟಿದ್ದೇವೆ, ಮುಖ ಒರೆಸಲು ಬರುತ್ತವೆ. ಆಟ ಶುರುವಾಗುವ ಮೂರನೆಯ ಗಂಟೆ ಬಾರಿಸುವುದು ಆರೂವರೆಗೆ. ಬೆಂಗಳೂರಿನ ರಂಗಶಂಕರದಲ್ಲಿ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ನಮಗೆ ಅಷ್ಟು ಗಟ್ಟಿತನ ಬಂದಿಲ್ಲ, ಆದರೆ ತಡವಾದವರು ಕತ್ತಲಲ್ಲಿ ಮೆಟ್ಟಿಲು ಎಡವಿದರೆ ಅದಕ್ಕೆ ನಾನು ಹೊಣೆಯಲ್ಲ. ಆಟ ಎಂಟೂವರೆಗೆ ಮುಗಿಯುತ್ತದೆ, ಕೊನೆಯ ಬಸ್ಸಿನವರು ಆತಂಕಪಡಬೇಕಾಗಿಲ್ಲ.

ಮೊಬೈಲಿನಲ್ಲಿಯೂ ಹಣ ಕಳಿಸಬಹುದು. ಆದರೆ ಹಣ ಹೋದ ಶಬ್ದ ಬರುವವರೆಗೆ ದಯವಿಟ್ಟು ನಿಲ್ಲಿ. ಹೋದ ವರ್ಷ ಒಬ್ಬರು ಒಂದು ರೂಪಾಯಿ ಕಳಿಸಿ, ಪರದೆಯನ್ನು ದೂರದಿಂದ ತೋರಿಸಿ ಒಳಗೆ ಹೋಗಿದ್ದರು. ಕನ್ನಡಕ ಹಾಕಿರಲಿಲ್ಲ, ನನ್ನದೇ ತಪ್ಪು.

ಭಾವನವರ ವಿಷಯ ಬಾಕಿ ಇದೆ. ಈ ಪತ್ರ ಅಚ್ಚಾದ ದಿನ ಅವರು ಮಾತು ಬಿಡುವುದು ಖಂಡಿತ. ಹಿಂದೊಮ್ಮೆ ಇದೇ ಕಾರಣಕ್ಕೆ ಎರಡು ದೀಪಾವಳಿ ಮಾತು ಬಿಟ್ಟಿದ್ದರು. ಅಕ್ಕ ನಿನ್ನೆ ಸಂಜೆ ದೇವಸ್ಥಾನಕ್ಕೆ ಹೋಗುವ ನೆಪದಲ್ಲಿ ನಮ್ಮ ಮನೆಗೆ ಬಂದು, ನಾನೂರು ರೂಪಾಯಿ ಕೈಗಿಟ್ಟು, ‘ನಾಲ್ಕು ಟಿಕೆಟ್ ಹರಿ. ಪಾಸ್ ಎಂದು ಹೇಳಿ ಅವರಿಗೆ ಕೊಡುತ್ತೇನೆ’ ಎಂದಳು. ಹರಿದು ಕೊಟ್ಟಿದ್ದೇನೆ, 1ರಿಂದ 4ರವರೆಗಿನ ಸಂಖ್ಯೆ. ಭಾವನವರು ಈ ಪತ್ರಿಕೆಯನ್ನು ಓದುವುದು ಅಡಿಕೆ ಧಾರಣೆಗೆ ಮಾತ್ರ. ಆದ್ದರಿಂದ ದಯವಿಟ್ಟು ಈ ಪತ್ರವನ್ನು ಆ ಪುಟದಲ್ಲಿ ಹಾಕಬೇಡಿ.

ಐದನೆಯ ಸಂಖ್ಯೆಯಿಂದ ಟಿಕೆಟ್ ಲಭ್ಯ. ಕಿಟಕಿ ಸಂಜೆ ಐದಕ್ಕೆ ತೆರೆಯುತ್ತದೆ. ಚಿಲ್ಲರೆ ತಂದರೆ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಅಂಚೆ ಗುಮಾಸ್ತ, ಸಾಗರ